ಒಂಬತ್ತು ಪಾಠಗಳ ಕಾಶವ್ವ

ಜೂನ್‌ನಿಂದ ಅಕ್ಟೋಬರ್‌ವರೆಗೆ, ಸರಿಯಾಗಿ ನಾಲ್ಕು ತಿಂಗಳು, ನಾನು ಮೋಸಹೋದೆ. ಮೋಸ ಮಾಡಿದವಳಿಗೆ ಹನ್ನೊಂದು ವರ್ಷ.

ಇಪ್ಪತ್ತು ವರ್ಷದಿಂದ ಈ ಮುಂಬಯಿಯ ಮುನಿಸಿಪಲ್ ಕನ್ನಡ ಶಾಲೆಗಳಲ್ಲಿ ಸೀಮೆಸುಣ್ಣದ ಪುಡಿ ಕುಡಿದವಳು ನಾನು. ಮಕ್ಕಳ ಯಾವ ಆಟವೂ ನನ್ನ ಹತ್ತಿರ ನಡೆಯುವುದಿಲ್ಲ ಎಂದು ಇದೇ ಅಂಕಣದಲ್ಲಿ ಎಷ್ಟು ಸಲ ಕೊಚ್ಚಿಕೊಂಡಿದ್ದೇನೆ? ಅದನ್ನೆಲ್ಲ ಓದಿದವರು ಈಗ ನಗಬಹುದು. ನನ್ನ ಅಭ್ಯಂತರವಿಲ್ಲ.

ಅವಳ ಹೆಸರು ಕಾಶವ್ವ. ಬಿಜಾಪುರದ ಕಡೆಯವಳು. ಆಂಟಾಪ್ ಹಿಲ್ ಕಡೆಯ ನಮ್ಮ ಶಾಲೆಯ ಕಿಟಕಿಯಿಂದ ನೋಡಿದರೆ ಎದುರಿಗೇ ಒಂದು ಬಿಲ್ಡಿಂಗ್ ಏಳುತ್ತಿತ್ತು. ಅದರ ಬುಡದಲ್ಲಿ ತಗಡಿನ ಗುಡಿಸಲುಗಳು. ಕಾಶವ್ವನ ಅಪ್ಪ ಅಲ್ಲಿ ಕಾಂಕ್ರೀಟ್ ಕಲಸುತ್ತಿದ್ದ, ಅವ್ವ ಅದನ್ನು ಬುಟ್ಟಿಯಲ್ಲಿ ಹೊತ್ತು ಮೇಲಕ್ಕೆ ಏರಿಸುತ್ತಿದ್ದಳು. ಜೂನ್‌ನಲ್ಲಿ ಅವ್ವನೇ ಮಗಳ ಕೈ ಹಿಡಿದು ತಂದು ನನ್ನ ಮೂರನೇ ಇಯತ್ತೆಗೆ ಸೇರಿಸಿದಳು. ಹಿಂದಿನ ಶಾಲೆಯ ಸರ್ಟಿಫಿಕೇಟ್ ಇರಲಿಲ್ಲ. ಸೈಟಿನಿಂದ ಸೈಟಿಗೆ ಅಲೆಯುವವರ ಹತ್ತಿರ ಅದು ಎಂದೂ ಇರುವುದಿಲ್ಲ.

ಮೊದಲನೇ ಪಾಠ ಊರಿನ ಕೆರೆಯದು. "ನಮ್ಮ ಊರಿನಲ್ಲಿ ಒಂದು ಕೆರೆ ಇದೆ" ಎಂದು ನಾನು ಓದತೊಡಗಿದೆ. ಮುಂದಿನ ಸಾಲಿನಲ್ಲಿ ಕುಳಿತ ಕಾಶವ್ವನ ತುಟಿ ನನ್ನ ತುಟಿಯ ಜೊತೆಗೇ ಆಡುತ್ತಿತ್ತು. ಎರಡನೇ ಪಾಠವೂ ಹಾಗೆಯೇ, ಮೂರನೆಯದೂ ಹಾಗೆಯೇ. ನಾಲ್ಕನೇ ಪಾಠದ ನಡುವೆ ನನಗೆ ಸೀನು ಬಂತು. ನಾನು ಕರವಸ್ತ್ರ ಹುಡುಕುವಷ್ಟರಲ್ಲಿ ಉಳಿದ ವಾಕ್ಯವನ್ನು ಅವಳೇ ಮುಗಿಸಿದ್ದಳು. ಒಂದಕ್ಷರ ತಪ್ಪಿರಲಿಲ್ಲ.

ಓದು ಎಂದರೆ ಎದ್ದು ನಿಂತು, ಸಾಲಿನ ಕೆಳಗೆ ಬೆರಳು ಸರಿಸುತ್ತ ಎಲ್ಲೂ ತಡವರಿಸದೆ ಓದುತ್ತಿದ್ದಳು. ಕಾಪಿ ಬರೆಯಲು ಕೊಟ್ಟರೆ ಅಕ್ಷರ ಮುತ್ತು ಪೋಣಿಸಿದ ಹಾಗೆ. ಉಕ್ತಲೇಖನ ಇರುವುದು ಶುಕ್ರವಾರ. ಶುಕ್ರವಾರ ಮಾತ್ರ ಅವಳು ಬರುತ್ತಿರಲಿಲ್ಲ. ತಮ್ಮನನ್ನು ನೋಡಿಕೊಳ್ಳಬೇಕಂತೆ. (ಉಳಿದ ಐದು ದಿನ ಆ ತಮ್ಮನನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂದು ನಾನೇಕೆ ಕೇಳಲಿಲ್ಲ?)

ಕೇಳಲಿಲ್ಲ, ಏಕೆಂದರೆ ಕೇಳುವ ಮನಸ್ಸಿರಲಿಲ್ಲ.

ನನ್ನ ಸಂಸಾರ ನಿಮಗೆ ಗೊತ್ತಿರುವುದೇ. ಸಯನ್‌ನಲ್ಲಿ ಒಂದು ಕೋಣೆ, ಒಂದು ಸ್ಟವ್, ಒಂದು ಟ್ರಾನ್ಸಿಸ್ಟರ್. ಅಣ್ಣನಿಗೆ ಬರೋಡಾಕ್ಕೆ ವರ್ಗವಾದ ಮೇಲೆ ಆ ಕೋಣೆಯಲ್ಲಿ ಮಾತಾಡುವುದು ಟ್ರಾನ್ಸಿಸ್ಟರ್ ಒಂದೇ. ಸಂಜೆ ಐದೂವರೆಗೆ ಬೀಗ ತೆಗೆದು ಒಳಗೆ ಹೋದರೆ, ಮರುದಿನ ಬೆಳಿಗ್ಗೆ ಹಾಲಿನ ಬೂತಿನಲ್ಲಿ ಕಾರ್ಡು ಚಾಚಿ "ಏಕ್ ಬಾಟ್ಲಿ" ಎನ್ನುವ ತನಕ ನನ್ನ ಬಾಯಿಂದ ಒಂದು ಶಬ್ದ ಹೊರಡುವುದಿಲ್ಲ. ಎಷ್ಟೋ ಸಲ ಆ ಎರಡು ಶಬ್ದವೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಕೆಮ್ಮಿ ಸರಿಮಾಡಿಕೊಂಡು ಮತ್ತೆ ಹೇಳಬೇಕಾಗುತ್ತದೆ.

ನಾನು ಮಾತಾಡುವುದೆಲ್ಲ ಶಾಲೆಯಲ್ಲಿ. ಅಲ್ಲೂ ಮಕ್ಕಳು ಕಿಟಕಿಯಾಚೆ ನೋಡುತ್ತಿರುತ್ತಾರೆ. ತಪ್ಪೆನ್ನಲಾರೆ, ಕಿಟಕಿಯಾಚೆ ನನಗಿಂತ ಹೆಚ್ಚು ಸ್ವಾರಸ್ಯವಿದೆ. ಹೀಗಿರುವಾಗ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಂದು ಮಗು ನನ್ನ ಮಾತನ್ನು ನನ್ನ ಜೊತೆಗೇ ಆಡುತ್ತಿತ್ತು. ಅದನ್ನು ಅನುಮಾನಿಸುವಷ್ಟು ಗಟ್ಟಿಗಿತ್ತಿಯೇ ನಾನು? ಅವಳನ್ನು ಮಾನಿಟರ್ ಮಾಡಿದೆ. ಸ್ಟಾಫ್ ರೂಮಿನಲ್ಲಿ ಮರಾಠಿ ವಿಭಾಗದ ಟೀಚರ್ ಬಾಯಿಯ ಮುಂದೆ ಜಂಬ ಕೊಚ್ಚಿದೆ. ಭಾನುವಾರ ಬಟ್ಟೆ ನೆನೆಹಾಕುತ್ತ, ಈ ಹುಡುಗಿಯನ್ನು ಓದಿಸಿ ಟೀಚರ್ ಮಾಡಿಯೇ ಬಿಡಬೇಕು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ.

ಅಕ್ಟೋಬರ್‌ನಲ್ಲಿ ಹತ್ತನೇ ಪಾಠ ಬಂತು. ಅಂಚೆಯವನ ಪಾಠ. ಹೊಸ ಪಾಠವನ್ನು ಮೊದಲು ನಾನೇ ಓದುವುದು ವಾಡಿಕೆ. ಆ ದಿನ ನನಗೆ ನೆಗಡಿಯಾಗಿ ದನಿ ಕಟ್ಟಿತ್ತು. ಕಾಶವ್ವ ಇದ್ದಾಳಲ್ಲ ಎಂದು ಅವಳಿಗೇ ಓದಲು ಹೇಳಿದೆ.

ಎದ್ದು ನಿಂತಳು. "ಬೆಳಿಗ್ಗೆ ಹತ್ತು ಗಂಟೆಗೆ ಅಂಚೆಯವನು ಬಂದನು" ಎಂಬ ಸಾಲಿನ ಕೆಳಗೆ ಬೆರಳಿಟ್ಟಳು. ಆಮೇಲೆ ಬೆರಳು ಸರಿಸುತ್ತ, ಗಟ್ಟಿಯಾಗಿ, "ನಮ್ಮ ಊರಿನಲ್ಲಿ ಒಂದು ಕೆರೆ ಇದೆ" ಎಂದು ಓದಿದಳು.

ಪುಟ ತಪ್ಪಿರಬೇಕು ಎಂದುಕೊಂಡು ಬಗ್ಗಿ ನೋಡಿದೆ. ಪುಟ ಸರಿಯಾಗಿಯೇ ಇತ್ತು. ಕ್ಲಾಸು ನಕ್ಕಿತು. ಅವಳು ನಿಲ್ಲಿಸಲಿಲ್ಲ. ಅಂಚೆಯವನ ಸಾಲುಗಳ ಕೆಳಗೆ ಬೆರಳು ಓಡಿಸುತ್ತ ಕೆರೆಯ ದಂಡೆಯ ಆಲದ ಮರದವರೆಗೂ ಹೋದಳು. ನಾನೇ ಹೆಗಲ ಮೇಲೆ ಕೈಯಿಟ್ಟು ಕೂರಿಸಿದೆ.

ಮಧ್ಯಾಹ್ನದ ರಿಸೆಸ್‌ನಲ್ಲಿ ಎದುರಿಗೆ ಕೂರಿಸಿಕೊಂಡು ಕೇಳಿದಾಗ ವಿಷಯ ಹೊರಬಿತ್ತು. ಊರಿನ ಶಾಲೆಯಲ್ಲಿ ಒಂದನೇ, ಎರಡನೇ ಇಯತ್ತೆ ಹೇಗೋ ದಾಟಿದಳಂತೆ. ಆಮೇಲೆ ಮುಂಬಯಿ. ಇದು ಅವಳಿಗೆ ಇಲ್ಲಿ ನಾಲ್ಕನೇ ಶಾಲೆ. ನಾಲ್ಕರಲ್ಲೂ ಮೂರನೇ ಇಯತ್ತೆ. ಜೂನ್‌ನಲ್ಲಿ ಹೊಸ ಸೈಟಿನ ಹತ್ತಿರದ ಕನ್ನಡ ಶಾಲೆಗೆ ಸೇರುತ್ತಾಳೆ. ದಸರೆಯ ಹೊತ್ತಿಗೆ ಬಿಲ್ಡಿಂಗಿನ ಸ್ಲಾಬ್ ಮುಗಿಯುತ್ತದೆ. ಸ್ಲಾಬ್ ಮುಗಿದರೆ ಇವರ ಗ್ಯಾಂಗಿಗೆ ಅಲ್ಲಿ ಕೆಲಸವಿಲ್ಲ, ಕೆಲಸ ಹಿಡಿದುಕೊಡುವ ಮುಕಾದಮ ಲಾರಿಯಲ್ಲಿ ಇನ್ನೆಲ್ಲಿಗೋ ಕರೆದೊಯ್ಯುತ್ತಾನೆ. ನಡುವರ್ಷದಲ್ಲಿ ಯಾವ ಶಾಲೆ ಸೇರಿಸಿಕೊಳ್ಳುತ್ತದೆ? ಮುಂದಿನ ಜೂನ್‌ಗೆ ಮತ್ತೆ ಮೂರನೇ ಇಯತ್ತೆ, ಮತ್ತೆ ಅದೇ ಪುಸ್ತಕ, ಅದೇ ಮೊದಲ ಒಂಬತ್ತು ಪಾಠ. ಈ ಸಲದ ಬಿಲ್ಡಿಂಗಿಗೆ ಏಳು ಮಾಳಿಗೆ. ಅದಕ್ಕೇ ಅವಳು ಹತ್ತನೇ ಪಾಠದ ಮುಖ ಕಂಡದ್ದು.

ಓದಲು ಬರುವುದಿಲ್ಲ ಎಂದು ಯಾರಿಗಾದರೂ ಹೇಳಬಾರದಿತ್ತೇ ಎಂದು ಕೇಳಿದೆ.

"ಯಾರೂ ಕೇಳಲಿಲ್ರಿ ಅಕ್ಕೋರ" ಎಂದಳು. "ಎಲ್ಲಾರೂ ಶಾಬಾಸ್ ಅಂದ್ರು."

ನನಗೆ ಕೋಪ ಬಂತು, ಅದರ ಹಿಂದೆಯೇ ಅಳು ಬಂತು. ನನ್ನ ಜೊತೆ ಮಾತಾಡುತ್ತಿದ್ದಾಳೆ ಎಂದು ನಾನು ನಂಬಿದ್ದ ಮಗು ನಾಲ್ಕು ಶಾಲೆಗಳ ಟೀಚರುಗಳ ದನಿಯನ್ನು ಒಪ್ಪಿಸುತ್ತಿತ್ತು, ಅಷ್ಟೆ. ನಾವು ನಾಲ್ವರೂ ಬೆನ್ನು ತಟ್ಟಿ ತಟ್ಟಿ ಅವಳನ್ನು ನಿರಕ್ಷರಿಯಾಗಿ ಉಳಿಸಿದ್ದೆವು.

ಕಿಟಕಿಯಾಚೆ ನಾಲ್ಕು ಸ್ಲಾಬ್ ಆಗಿದ್ದವು. ಇನ್ನು ಮೂರು. ಒಂದೊಂದಕ್ಕೆ ಇಪ್ಪತ್ತು ದಿನ ಎಂದು ಕಾಶವ್ವನೇ ಹೇಳಿದಳು. (ಲೆಕ್ಕದಲ್ಲಿ ಅವಳು ನಿಜವಾಗಿಯೂ ಹುಷಾರು.) ಎರಡು ತಿಂಗಳಲ್ಲಿ ಈ ಹುಡುಗಿಗೆ ಓದಲು ಬರಬೇಕು. ಇಲ್ಲದಿದ್ದರೆ ಐದನೇ ಸಲ ಕೆರೆಯ ದಂಡೆ, ಆಮೇಲೆ ಅವ್ವನ ಪಕ್ಕದಲ್ಲಿ ಇನ್ನೊಂದು ಬುಟ್ಟಿ.

ಮರುದಿನದಿಂದ ರಿಸೆಸ್‌ನ ಅರ್ಧ ಗಂಟೆ ನಮ್ಮದಾಯಿತು. ಅ ಆ ಇ ಈ ಎಂದರೆ ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ನಡುವಿನ ಒಂದು ಅಕ್ಷರ ತೋರಿಸಿ ಇದು ಯಾವುದು ಎಂದರೆ, ಮೊದಲಿನಿಂದ ಶುರುಮಾಡಿ ಅಲ್ಲಿಯವರೆಗೆ ನಡೆದುಕೊಂಡು ಬರಬೇಕು. ಹಳೆಯ ಮದುವೆ ಕರೆಯೋಲೆಯ ರಟ್ಟಿನಲ್ಲಿ ಕಿಂಡಿ ಕತ್ತರಿಸಿದೆ. ಅದನ್ನು ಹತ್ತನೇ ಪಾಠದ ಮೇಲೆ ಇಟ್ಟರೆ ಒಂದು ಸಲಕ್ಕೆ ಒಂದೇ ಅಕ್ಷರ ಕಾಣುತ್ತಿತ್ತು.

ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ? ಎರಡನೇ ದಿನ ಅವಳು ತಡವರಿಸುವುದನ್ನು ನೋಡಲಾರದೆ ಒಂದು ಸಾಲು ಓದಿಕೊಟ್ಟೆ. ಮೂರನೇ ದಿನ ಆ ಸಾಲನ್ನು ಪುಸ್ತಕ ನೋಡದೆ ಒಪ್ಪಿಸಿದಳು! ನಾನು ಓದಿದ್ದನ್ನೆಲ್ಲ ಅವಳ ಕಿವಿ ನುಂಗಿಬಿಡುತ್ತಿತ್ತು, ಕಣ್ಣಿಗೆ ಏನೂ ಉಳಿಯುತ್ತಿರಲಿಲ್ಲ.

ಹಾಗಾಗಿ ಬಾಯಿ ಹೊಲಿದುಕೊಂಡೆ. ಯಾವ ಹೊಸ ಪಾಠವನ್ನೂ ಅವಳು ಓದಿ ಮುಗಿಸುವ ತನಕ ಕ್ಲಾಸಿನಲ್ಲೂ ಯಾರೂ ಗಟ್ಟಿಯಾಗಿ ಓದಕೂಡದು ಎಂದು ಕಟ್ಟುಮಾಡಿದೆ. ಪೋರ್ಷನ್ ಹಿಂದೆ ಬಿತ್ತು. ಹೆಡ್‌ಮಾಸ್ತರರು ಎರಡು ಸಲ ಕರೆದು ವಿಚಾರಿಸಿದರು. ಏನೇನೋ ಸಬೂಬು ಹೇಳಿ ಬಂದೆ.

"ಒಂದ ಸಲ ನೀವು ಓದ್ರಿ ಅಕ್ಕೋರ. ಆಮ್ಯಾಗ ನಾ ಓದತೀನಿ" ಎಂದು ಕಾಶವ್ವ ಕೇಳುತ್ತಿದ್ದಳು. "ಒಂದ ಸಲ ಸಾಕ್ರಿ."

"ನಾನು ಓದುದಿಲ್ಲ ಮಗಾ" ಎಂದೆ. (ಕೋಪವೋ ದುಃಖವೋ ಬಂದಾಗ ನನ್ನ ಉಡುಪಿ ಹೊರಬೀಳುತ್ತದೆ.) "ನೀನೇ ಓದ್ಬೇಕು."

ನನ್ನ ದನಿಗಾಗಿ ಒಬ್ಬರು ಅಂಗಲಾಚಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಅದನ್ನು ಕೊಡುವ ಹಾಗಿರಲಿಲ್ಲ. ಮನೆಯಲ್ಲೂ ಮೌನ, ರಿಸೆಸ್‌ನಲ್ಲೂ ಮೌನ. ಆ ದಿನಗಳಲ್ಲಿ ನಾನು ಪಟ್ಟ ಸಂಕಟ ನನಗೇ ಗೊತ್ತು.

ಟೀಚರ್ ಎಂದರೆ ಮಾತಾಡುವವಳು ಎಂದು ನಾನೂ ನಂಬಿದ್ದೆ, ನೀವೂ ನಂಬಿದ್ದೀರಿ. ಮಗುವಿಗೂ ಪುಸ್ತಕಕ್ಕೂ ನಡುವೆ ನಮ್ಮ ದನಿಯೇ ಗೋಡೆಯಾಗಬಹುದು ಎಂದು ಟ್ರೇನಿಂಗ್ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಪುಸ್ತಕ ಇರುವುದು ಹತ್ತಿರ ಯಾರೂ ಇಲ್ಲದಾಗ ಓದಿಕೊಳ್ಳುವುದಕ್ಕಲ್ಲವೇ? ಇದು ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕಿತ್ತು? ಸಯನ್‌ನ ಆ ಕೋಣೆಯಲ್ಲಿ ಪುಸ್ತಕಗಳಿಲ್ಲದಿದ್ದರೆ ನಾನು ಇಷ್ಟು ಹೊತ್ತಿಗೆ ಗೋಡೆಯ ಜೊತೆ ಮಾತಾಡುತ್ತಿದ್ದೆ.

ಐದನೇ ಸ್ಲಾಬ್ ಹಾಕಿ ಆಯಿತು. ಅಂಚೆಯವನು ಇನ್ನೂ ಬಾಗಿಲಲ್ಲೇ ನಿಂತಿದ್ದ.

ಅಷ್ಟರಲ್ಲಿ ಸಿಮೆಂಟಿನ ಅಭಾವ ಶುರುವಾಯಿತು. ಎದುರಿನ ಬಿಲ್ಡಿಂಗಿನ ಕೆಲಸ ನಿಂತಿತು. ಎಲ್ಲರೂ ಸಿಮೆಂಟಿಲ್ಲ ಎಂದು ಗೋಳಾಡುತ್ತಿದ್ದರೆ ನಾನೊಬ್ಬಳು ಮನೆಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಒಂದೊಂದು ದಿನ ಸಿಕ್ಕಿದರೆ ನಾಲ್ಕು ಸಾಲು ಸಿಗುತ್ತಿತ್ತಲ್ಲ!

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಕಾಶವ್ವ ಓಡಿಬಂದು ನನ್ನ ಮುಂದೆ ಒಂದು ಚೂರು ಕಾಗದ ಹಿಡಿದಳು. ಶೇಂಗಾ ಕಟ್ಟಿಕೊಟ್ಟ ರದ್ದಿ, ಕನ್ನಡ ಪೇಪರಿನದು. ಬೆರಳಿಟ್ಟು "ಹ... ಲ್ಲು... ಪು... ಡಿ" ಎಂದು ಓದಿದಳು. ಹಲ್ಲುಪುಡಿಯ ಜಾಹೀರಾತು.

"ಇದನ್ನ ಯಾರೂ ನನಗ ಓದಿ ಹೇಳಿಲ್ರಿ" ಎಂದಳು.

ಅವಳಿಗೆ ಶಾಬಾಸ್ ಎನ್ನಲು ನನ್ನ ಬಾಯಿಗೆ ಧೈರ್ಯವಾಗಲಿಲ್ಲ. ತಲೆ ಸವರಿದೆ.

ಅದೇ ವಾರ ಅವಳ ಅವ್ವ ಶಾಲೆಯ ಗೇಟಿಗೆ ಬಂದಳು. ಹದಿನೈದು ದಿನದಿಂದ ಕೂಲಿಯಿಲ್ಲ, ಅಂಗಡಿಯವನು ಅಕ್ಕಿ ಕೊಡುವುದನ್ನು ನಿಲ್ಲಿಸಿದ್ದಾನೆ ಎಂದಳು. ಕಾಶವ್ವ ಆ ವಾರವೆಲ್ಲ ರಿಸೆಸ್‌ನಲ್ಲಿ ಡಬ್ಬಿ ತೆಗೆಯದೆ ನೇರವಾಗಿ ಪುಸ್ತಕ ತೆಗೆಯುತ್ತಿದ್ದುದು ಆಗ ಅರ್ಥವಾಯಿತು. ಓದಿನ ಹಸಿವು ಎಂದುಕೊಂಡಿದ್ದೆ.

"ಸಿಮಿಟ್ ಬರಲಿ ಅಂತ ದೇವರಿಗೆ ನೀವೊಂದ್ ಮಾತು ಹೇಳ್ರಿ ಅಕ್ಕೋರ" ಎಂದಳು ಅವ್ವ. "ಓದಿದವರ ಮಾತು ಕೇಳ್ತಾನಂವ."

ನಾನು ಆ ದೇವರಿಗೆ ಆಗಲೇ ಬೇರೆ ಮಾತು ಹೇಳಿಯಾಗಿದೆ ಎನ್ನಲೇ? ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಮರುದಿನದಿಂದ ಎರಡು ಡಬ್ಬಿ ಒಯ್ದೆ. ದೇವರಿಗೂ ಹೇಳಿದೆ. ಮನಸ್ಸಿಲ್ಲದ ಮನಸ್ಸಿನಿಂದ ಹೇಳಿದೆ, ಆದರೂ ಅವನು ಕೇಳಿದ. ನಾಲ್ಕೇ ದಿನದಲ್ಲಿ ಸಿಮೆಂಟಿನ ಲಾರಿ ಬಂತು.

ಆರನೇ ಸ್ಲಾಬಿನ ಹೊತ್ತಿಗೆ ಹನ್ನೊಂದನೇ ಪಾಠ ಮುಗಿದಿತ್ತು. ಏಳನೆಯದು ಹಾಕುವಾಗ ಹದಿಮೂರನೇ ಪಾಠದಲ್ಲಿದ್ದೆವು. ಇರುವೆಗಳ ಪಾಠ. ಕಿಂಡಿಯ ರಟ್ಟು ಬೇಡವಾಗಿತ್ತು. ನಿಧಾನವಾಗಿ, ಬೆವರುತ್ತ, ಒಂದೊಂದು ಒತ್ತಕ್ಷರದ ಮುಂದೆಯೂ ನಿಂತು ಉಸಿರೆಳೆದುಕೊಂಡು ಓದುತ್ತಿದ್ದಳು. ಮೊದಲಿನ ಆ ನಿರರ್ಗಳ ಓದು ಎಲ್ಲಿ, ಈ ತೆವಳುವ ಓದು ಎಲ್ಲಿ! ಕೇಳಿದವರು ಅವಳನ್ನು ದಡ್ಡಿ ಎನ್ನುತ್ತಿದ್ದರು. ನನ್ನ ಕಿವಿಗೆ ಮಾತ್ರ ಅದಕ್ಕಿಂತ ಇಂಪಾದದ್ದು ಇರಲಿಲ್ಲ. ಶನಿವಾರ ಮೊದಲನೇ ಪುಟ ಮುಗಿಸಿ, ಸೋಮವಾರ ಮುಂದಿನದು ಎಂದುಕೊಂಡು ಎದ್ದೆವು.

ಕಳೆದ ಸೋಮವಾರ ಅವಳ ಜಾಗ ಖಾಲಿಯಿತ್ತು. ಕಿಟಕಿಯಾಚೆ ತಗಡುಗಳನ್ನು ಬಿಚ್ಚುತ್ತಿದ್ದರು. ರಿಸೆಸ್‌ನಲ್ಲಿ ರಸ್ತೆ ದಾಟಿ ಹೋಗಿ ಕೇಳಿದೆ. ಗ್ಯಾಂಗು ಭಾನುವಾರ ಬೆಳಿಗ್ಗೆಯೇ ಲಾರಿಯಲ್ಲಿ ಹೋಯಿತಂತೆ. ಎಲ್ಲಿಗೆ? ಕಲ್ಯಾಣ ಇರಬೇಕು, ಇಲ್ಲದಿದ್ದರೆ ಪನವೇಲ್ ಎಂದ ವಾಚ್‌ಮನ್. ಪುಸ್ತಕವನ್ನು ಅವಳು ಒಯ್ದಿದ್ದಾಳೆ, ಅಷ್ಟು ಸಮಾಧಾನ.

ಹಿಂದಿರುಗಿ ಬಂದು ಹದಿಮೂರನೇ ಪಾಠವನ್ನು ಕ್ಲಾಸಿಗೆ ನಾನೇ ಗಟ್ಟಿಯಾಗಿ ಓದಿದೆ. ಇನ್ನು ಯಾರೂ ತಡೆಯುವವರಿರಲಿಲ್ಲ. ಓದುತ್ತ ಓದುತ್ತ ಮುಂದಿನ ಸಾಲಿನ ಕಡೆ ಕಣ್ಣು ಹೋಗುತ್ತಿತ್ತು. ಯಾರ ತುಟಿಯೂ ಆಡುತ್ತಿರಲಿಲ್ಲ. ನನಗೆ ಅವಳಿಲ್ಲದೆ ಬೇಸರವಾಗುತ್ತಿದೆ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಬೇಸರ ನನ್ನದು, ಇರಲಿ. ಹೆದರಿಕೆ ಇನ್ನೊಂದಿದೆ. ಬರುವ ಜೂನ್‌ನಲ್ಲಿ ಅವಳು ಮತ್ತೆ ಯಾವುದೋ ಶಾಲೆಯ ಮೂರನೇ ಇಯತ್ತೆಯಲ್ಲಿ ಕೂರುತ್ತಾಳೆ. ಮೊದಲನೇ ಪಾಠ ಶುರುವಾಗುತ್ತದೆ. ಬಾಯಿಪಾಠ ಸುಲಭ, ಶಾಬಾಸ್ ಕೂಡಲೇ ಸಿಗುತ್ತದೆ. ಬೆವರಿ ಕಲಿತದ್ದು ಆಗ ಎಷ್ಟು ದಿನ ಉಳಿದೀತು?

ಈ ಪತ್ರಿಕೆಯನ್ನು ಓದುವ ಕನ್ನಡ ಶಾಲೆಯ ಟೀಚರುಗಳು ಬಹಳ ಮಂದಿ ಇದ್ದೀರಿ. ಕಲ್ಯಾಣ, ಥಾಣೆ, ಕುರ್ಲಾ, ಎಲ್ಲೆಲ್ಲಿಯವರೋ. ಬಲಹುಬ್ಬಿನ ಮೇಲೆ ಸಣ್ಣ ಗಾಯದ ಗುರುತಿರುವ ಬಿಜಾಪುರದ ಹುಡುಗಿ ಬಂದಾಳು. ನಿಮ್ಮ ಜೊತೆ ತುಟಿ ಆಡಿಸಿಯಾಳು. ನಿಮಗೆ ಜೀವ ತಂಪಾದೀತು. ನಿಮ್ಮ ಮನೆಯಲ್ಲೂ ಟ್ರಾನ್ಸಿಸ್ಟರ್ ಒಂದೇ ಮಾತಾಡುತ್ತಿದ್ದರೆ ಇನ್ನಷ್ಟು ತಂಪಾದೀತು.

ಬೆನ್ನು ತಟ್ಟಬೇಡಿ, ಹದಿಮೂರನೇ ಪಾಠದ ಎರಡನೇ ಪುಟ ತೆರೆದುಕೊಟ್ಟು, ದಯವಿಟ್ಟು, ಬಾಯಿ ಮುಚ್ಚಿಕೊಂಡು ಕೂತಿರಿ.