ಬಿಸಿಲಿಗಿಟ್ಟ ಪರಾಗ

ಮೊನ್ನೆ ಹಳೇ ಟ್ರಂಕು ತೆಗೆದಾಗ ಬೆರಳುದ್ದದ ಔಷಧಿ ಸೀಸೆಯೊಂದು ಸಿಕ್ಕಿತು. ಬಾಯಿಗೆ ಇನ್ನೂ ಮೇಣ ಅಂಟಿತ್ತು. ಮೂಸಿದೆ, ಏನೂ ಇಲ್ಲ.

ಅದು ಪಕ್ಕದ ಮನೆ ಕಾಂಪೌಂಡರ್ ತಾತನದು. ಐವತ್ತರ ದಶಕ, ನಾನು ಮದುವೆಯಾಗಿ ಕಾಮಾಕ್ಷಿಪಾಳ್ಯಕ್ಕೆ ಬಂದ ಹೊಸತು. ತಾತನ ಹೆಂಡತಿ ಎಂದೋ ತಿಂದು ಬಿಸಾಕಿದ ಗೊರಟೆಯಿಂದ ಅವರ ಮನೆ ಮುಂದೆ ಮಾವಿನ ಮರ ಎದ್ದಿತ್ತು. ಕಾಯಿ ಮುರಿದರೆ ಜೀರಿಗೆ ಘಮ. ಆಕೆ ತೀರಿಹೋದ ಮೇಲೆ ತಾತನಿಗೆ ಉಳಿದಿದ್ದು ಆ ಮರವೇ. ರಸ್ತೆ ಅಗಲ ಮಾಡಲು ಅದನ್ನು ಕಡೀತೀವಿ ಅಂದರು ಸರ್ಕಾರದವರು. ಅದರ ತಳಿ ಉಳಿಸಲು ತಾತ ಕಟ್ಟಿದ ಕಸಿಗಳೂ ಒಣಗಿಹೋದವು. ಸಂಕ್ರಾಂತಿ ಹೊತ್ತಿಗೆ ಹೂ ತುಂಬಿ ನಿಂತ ಮರವನ್ನು ಉರುಳಿಸಿಬಿಟ್ಟರು.

ಹಿಂದಿನ ದಿನವೇ ತಾತ ಹೂವಿನ ಪರಾಗ ಉದುರಿಸಿ ಈ ಸೀಸೆಗೆ ತುಂಬಿದ್ದರು. ನಮ್ಮ ಹಿತ್ತಲ ಮಾವು ಹೂ ಬಿಡೋದು ಶಿವರಾತ್ರಿ ಹೊತ್ತಿಗೆ. ಅದಕ್ಕೆ ಈ ಪರಾಗ ಮುಟ್ಟಿಸಿ ಒಂದೇ ಒಂದು ಕಾಯಿ ಕಟ್ಟಿಸಬೇಕು, ಅದರ ಗೊರಟೆ ನೆಡಬೇಕು. ಅಷ್ಟೇ ಅವರ ಆಸೆ. ಅಷ್ಟರಲ್ಲಿ ಊರಲ್ಲಿ ತಮ್ಮನಿಗೆ ಹುಷಾರಿಲ್ಲ ಅಂತ ಸುದ್ದಿ ಬಂತು. ನಮ್ಮ ನೀರಿನ ಹರವಿ ಪಕ್ಕದ ಗೋಡೆಗೂಡಲ್ಲಿ ಸೀಸೆ ಇಟ್ಟು, "ತೇವ ಮಾತ್ರ ತಾಗಬಾರದು ಕಣಮ್ಮ" ಅಂದು ಹೊರಟರು.

ವಾರ ಕಳೆದು ನೋಡ್ತೀನಿ, ಗೂಡಿನ ಗೋಡೆಯೆಲ್ಲ ಒದ್ದೆ. ನಮ್ಮ ಹೆಂಗಸರಿಗೆ ತೇವಕ್ಕೆ ಗೊತ್ತಿರೋ ಮದ್ದು ಒಂದೇ. ಬೇಳೆಯಾಗಲಿ ಮೆಣಸಿನಕಾಯಾಗಲಿ, ಬಿಸಿಲಿಗೆ ಹಾಕು. ಸೀಸೆಯನ್ನೂ ಮೆಣಸಿನಕಾಯಿ ಪಕ್ಕ ಇಡೀ ಮಧ್ಯಾಹ್ನ ಒಣಗಿಸಿದೆ. ಎಂಥ ಜಾಣೆ ನಾನು.

ತಾತ ವಾಪಸ್ ಬಂದು ಸೀಸೆ ಇಸ್ಕೊಂಡಾಗ ಅವರ ಕಣ್ಣು ತುಂಬಿತ್ತು. "ತಂಪಲ್ಲಿ ಒಣಗಿದ್ರೆ ತಿಂಗಳಾದ್ರೂ ಜೀವ ಹಿಡ್ಕೊಂಡಿರುತ್ತೆ. ಬಿಸಿಲು ಬಡಿದ್ರೆ ಒಂದೇ ದಿನಕ್ಕೆ ಸತ್ತೋಗುತ್ತೆ. ಚೆನ್ನಾಗಿ ಕಾಪಾಡಿದೆ ಕಣಮ್ಮ."

ಬಿಸಿಲಿಗೆ ಇಟ್ಟಿದ್ದನ್ನು ಮುಚ್ಚಿಟ್ಟು ಹೂಂ ಅಂದುಬಿಟ್ಟೆ.

ಶಿವರಾತ್ರಿ ಹೊತ್ತಿಗೆ ಏಣಿ ಹತ್ತಿ, ಕಡ್ಡಿಗೆ ಹತ್ತಿ ಸುತ್ತಿ, ಒಂದೊಂದು ಹೂವಿಗೂ ಮುಟ್ಟಿಸಿದರು. ಗೊಂಚಲುಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಖಾಲಿ ಸೀಸೆ ನನ್ನ ಕೈಗಿತ್ತರು. ದಿನಾ ಬೆಳಿಗ್ಗೆ ಬಂದು ಮರದ ಕೆಳಗೆ ನಿಲ್ಲೋರು. ಚೀಲದೊಳಗೆ ಹೂವೆಲ್ಲ ಕಂದಿ ಉದುರಿತು. "ನನ್ನ ಕೈಗುಣವೇ ಸರಿಯಿಲ್ಲ. ನೀನೇ ಬಿಚ್ಚಿಬಿಡಮ್ಮ, ನಂಗೆ ನೋಡೋಕಾಗಲ್ಲ" ಅಂದರು.

ಆ ಮಾತು ತಡೆಯೋಕಾಗಲಿಲ್ಲ. ಕಾಯಿ ಬಲಿತಾಗ, ಬೇರೆ ಗೊಂಚಲಲ್ಲಿ ತಾನಾಗೇ ಕಟ್ಟಿದ್ದ ಒಂದಕ್ಕೆ ಅವರ ಚೀಲ ಕಟ್ಟಿದೆ. "ತಾತ, ಒಂದು ನಿಂತಿದೆ ನೋಡಿ" ಅಂದೆ.

ಅದರ ಗೊರಟೆಯನ್ನು ಹಿತ್ತಲಲ್ಲಿ ನೆಟ್ಟರು. ಕೊನೆವರೆಗೂ "ನಮ್ಮವಳ ಮಗು" ಅಂತ ಅದಕ್ಕೆ ನೀರು ಹಾಕಿದರು. ಅವರು ಹೋದ ಮೇಲೆ ಗಿಡ ಕಾಯಿ ಬಿಟ್ಟಿತು. ಮುರಿದು ಮೂಸಿದೆ... ಜೀರಿಗೆ ಘಮ ಇರಲಿಲ್ಲ.

ಈಗ ಅಲ್ಲಿ ಗಾರ್ಮೆಂಟ್ಸ್ ಶೆಡ್ಡು. "ಖಾಲಿ ಸೀಸೆ ಯಾಕಜ್ಜಿ, ಬಿಸಾಕ್ಲಾ?" ಅಂದಳು ಮೊಮ್ಮಗಳು.

ಬೇಡ, ಒಳಗಿಡು ಅಂದೆ. ಬಿಸಿಲು ಬೀಳದ ಕಡೆ.