ಪಾಪಿಗಳ ಪಾಲಿನ ಅರ್ಧ

ಪಿಸುಮಾತಿನಷ್ಟು ಅಂಟುವ ಕಾಯಿಲೆ ಬೇರೊಂದಿಲ್ಲ ಎಂದು ನನಗೆ ತಿಳಿದದ್ದು ನನ್ನ ಸ್ವರ ಹೋದ ಮೇಲೆ. ನಾನು ಪಿಸುಗುಟ್ಟಿದರೆ ಎದುರಿನವರೂ ಪಿಸುಗುಟ್ಟುತ್ತಾರೆ. ಕುಂಬಳೆಯಲ್ಲಿ ಮೀನು ಮಾರುವ ಉಮ್ಮರ್ ಬ್ಯಾರಿಯ ಕೂಗು ರೈಲ್ವೆ ಸ್ಟೇಷನ್ನಿಗೆ ಕೇಳುವಂಥದ್ದು. ಅಂಥವನೂ ನಾನು "ಬಂಗುಡೆ ಉಂಟಾ?" ಎಂದು ಕೇಳಿದರೆ ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಾಗಿ, "ಉಂಟು, ಉಂಟು" ಎನ್ನುತ್ತಾನೆ. ಕದ್ದ ಮಾಲು ಕೊಂಡವನ ಹಾಗೆ ನಾನು ಚೀಲದ ಬಾಯಿ ಮುಚ್ಚಿಕೊಂಡು ಮನೆಗೆ ಬರುತ್ತೇನೆ.

ಎರಡು ವರ್ಷದ ಹಿಂದೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಆಪರೇಷನ್ ಆಯಿತು. ಸ್ವರದ ನರ ಅದರ ಪಕ್ಕದಲ್ಲೇ ಹೋಗುತ್ತದೆ, ಸೋತರೂ ಸೋತೀತು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸೋತಿತು. "ಆರು ತಿಂಗಳು ನೋಡುವ" ಎಂದರು.

ಬೇರೆಯವರಿಗಾದರೆ ಸ್ವರ ಮಾತ್ರ ಹೋಗುತ್ತಿತ್ತು, ನನಗೆ ಸಿಂಹಾಸನವೇ ಹೋಯಿತು. ನಮ್ಮ ಇಗರ್ಜಿಯ ಒಂದು ವಾರ್ಡಿಗೆ ನಾನು ಗುರ್ಕಾರ, ಅಂದರೆ ಅಲ್ಲಿನ ಕ್ರೈಸ್ತ ಮನೆಗಳಿಗೆಲ್ಲ ಹಿರಿಯ. ಅಕ್ಟೋಬರ್ ತಿಂಗಳಿಡೀ ಸಂಜೆಗೊಂದು ಮನೆಯಲ್ಲಿ ನಾವೆಲ್ಲ ಸೇರಿ ಜಪಸರ ಹೇಳುವುದು ವಾಡಿಕೆ. ಮರಿಯಮ್ಮನಿಗೆ ನಮಸ್ಕರಿಸುವ ಪುಟ್ಟ ಪ್ರಾರ್ಥನೆ, ಮಣಿಗೊಂದರಂತೆ ಐವತ್ತಕ್ಕೂ ಹೆಚ್ಚು ಸಲ. ಅದರ ಮೊದಲರ್ಧವನ್ನು ಮುಂದಾಳು ಹೇಳುತ್ತಾನೆ, ಉಳಿದರ್ಧವನ್ನು ಎಲ್ಲರೂ ಒಟ್ಟಾಗಿ. ಮೂವತ್ತು ವರ್ಷ ಆ ಮುಂದಾಳು ನಾನೇ. ಇಗರ್ಜಿಯಲ್ಲಿ ಮೈಕು ಕೆಟ್ಟರೆ ಪಾದ್ರಿಗಳು ಎಲೆಕ್ಟ್ರಿಷಿಯನ್ನನ್ನು ಕರೆಯುವ ಮೊದಲು ನನ್ನ ಮುಖ ನೋಡುತ್ತಿದ್ದರು. ಅದನ್ನು ನಾನೂ ನೋಡುತ್ತಿದ್ದೆ.

ನನ್ನ ಓಟಕ್ಕೆ ಅಡ್ಡ ಬರುತ್ತಿದ್ದವರು ಒಬ್ಬರೇ, ನೆರೆಮನೆಯ ನತಾಲಿಬಾಯಿ. ಎಲ್ಲರೂ ಉತ್ತರಾರ್ಧ ಮುಗಿಸಿದರೂ ಅವರು ಒಂದೊಂದು ಶಬ್ದವನ್ನೂ ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ ಹೇಳುತ್ತಿದ್ದರು. 'ನಮ್ಮ ಮರಣದ ಗಳಿಗೆಯಲ್ಲೂ' ಎಂಬ ಕೊನೆಯ ಮಾತಿಗೆ ಅವರು ಮುಟ್ಟುವ ಮೊದಲೇ ನಾನು ಮುಂದಿನ ಮಣಿ ಹಿಡಿದು ಗುಡುಗುತ್ತಿದ್ದೆ. ಪಾಪ, ಅವರನ್ನು ಎಷ್ಟು ವರ್ಷ ಸಾಯಲೂ ಬಿಡಲಿಲ್ಲ!

ಆಪರೇಷನ್ನಿನ ನಂತರ ನಾನು ದೇವರೊಡನೆ ಒಪ್ಪಂದಕ್ಕಿಳಿದೆ. ಅಕ್ಟೋಬರಿನೊಳಗೆ ಸ್ವರ ಕೊಡು, ನಿನಗೋಸ್ಕರವೇ ಕೇಳುವುದು ಎಂದೆ. ಅಕ್ಟೋಬರ್ ಬಂತು, ಸ್ವರ ಬರಲಿಲ್ಲ. ನನಗೆ ಸಿಟ್ಟು ಬಂತು. ಇಷ್ಟು ವರ್ಷ ದುಡಿದವನಿಗೆ ಇದಾ ಮರ್ಯಾದೆ ಎಂದು ದೇವರ ಜೊತೆ ಠೂ ಬಿಟ್ಟು, ತಲೆನೋವಿನ ನೆಪ ಹೇಳಿ ಜಪಸರಕ್ಕೆ ಹೋಗುವುದನ್ನೇ ನಿಲ್ಲಿಸಿದೆ. ನಂಬಿಕೆ ಹೋಯಿತೇ ಎಂದು ಒಳಗೊಳಗೆ ಹೆದರಿಕೆಯೂ ಆಗಿತ್ತು.

ಹಾಗಿರುವಾಗ ನಮ್ಮ ಮನೆಯ ಸರದಿಯೇ ಬಂತು. ಸ್ವಂತ ಮನೆಯಿಂದ ತಪ್ಪಿಸಿಕೊಂಡು ಎಲ್ಲಿಗೆ ಹೋಗುವುದು? ಹೆಂಡತಿ ಸೆವ್ರಿನ್ ಮುಂದಾಳಾದಳು. ನತಾಲಿಬಾಯಿ ನನ್ನ ಅಂಗಿ ಹಿಡಿದು ಹಿಂದಿನ ಸಾಲಿನ ಚಾಪೆಗೆ ಎಳೆದರು. "ನೀನು ಇಲ್ಲಿ ಕೂತ್ಕೋ ಮಾರಾಯ. ಎಂತ ನಾಚಿಕೆ?"

ಸೆವ್ರಿನ್‌ಗೆ ಸ್ವರವೂ ಇಲ್ಲ, ಲೆಕ್ಕವೂ ಇಲ್ಲ. ಹತ್ತು ಮಣಿಗಳ ಸುತ್ತಿನಲ್ಲಿ ಹನ್ನೊಂದು ಹೇಳಿದಳು. ಆದರೆ ಪ್ರತಿ ಸಲವೂ ಕಟ್ಟಕಡೆಯವರು ಮುಗಿಸುವವರೆಗೆ ಕಾದಳು. ಗುರ್ಕಾರನಾದ ಮೇಲೆ ಮೊದಲ ಬಾರಿಗೆ ನಾನು ಉತ್ತರಾರ್ಧಕ್ಕೆ ಬಾಯಿ ತೆರೆದೆ: ಪಾಪಿಗಳಾದ ನಮಗಾಗಿ ಪ್ರಾರ್ಥಿಸು. ಮೂವತ್ತು ವರ್ಷಗಳ ಅಕ್ಟೋಬರಿನಲ್ಲಿ ಈ ಮಾತನ್ನು ನಾನು ಒಮ್ಮೆಯೂ ಹೇಳಿರಲಿಲ್ಲ! ಹೊಗಳಿಕೆಯ ಅರ್ಧ ನನ್ನದು, ಬೇಡುವ ಅರ್ಧ ಊರಿನದು.

ಪಾದ್ರಿಗಳು ಒಮ್ಮೆ ಹೇಳಿದ್ದು ಆಗ ನೆನಪಾಯಿತು. ಮೊದಲರ್ಧದ ಬೇರು ದೇವದೂತನ ನಮಸ್ಕಾರದಲ್ಲಿದೆಯಂತೆ, ಎರಡನೆಯದು ಎಷ್ಟೋ ಶತಮಾನಗಳ ಮೇಲೆ ಮನುಷ್ಯರು ತಮ್ಮ ಕಷ್ಟಕ್ಕೆ ಸೇರಿಸಿಕೊಂಡದ್ದಂತೆ. ಅಂದರೆ ಇಷ್ಟು ಕಾಲ ನಾನು ದೇವದೂತನ ಪಾಲನ್ನೇ ಹೇಳುತ್ತ, ನನಗೆ ರೆಕ್ಕೆ ಉಂಟೆಂದು ನಂಬಿದ್ದೆ. ಆ ಸಂಜೆ ಚಾಪೆಯ ಮೇಲೆ ಅತ್ತೆ. ಸ್ವರವಿಲ್ಲದವನ ಅಳು ಯಾರಿಗೂ ಕೇಳುವುದಿಲ್ಲ, ಅದೊಂದು ಅನುಕೂಲ. ಬಿಟ್ಟುಹೋಯಿತೆಂದು ಹೆದರಿದ್ದ ನಂಬಿಕೆ ಅಲ್ಲೇ, ಹಿಂದಿನ ಸಾಲಿನಲ್ಲಿ, ನನಗಾಗಿ ಜಾಗ ಹಿಡಿದು ಕೂತಿತ್ತು.

ಸ್ವರ ಈಗಲೂ ಬಂದಿಲ್ಲ. ಬೇಡ ಎನ್ನುವಷ್ಟು ದೊಡ್ಡ ಸಂತ ನಾನಲ್ಲ, ದಿನಾ ಕೇಳುತ್ತೇನೆ. ಒಪ್ಪಂದ ಮಾತ್ರ ಬಿಟ್ಟಿದ್ದೇನೆ.

ನತಾಲಿಬಾಯಿ ಈಗ ಹಾಸಿಗೆ ಹಿಡಿದಿದ್ದಾರೆ. ಸಂಜೆ ಹೊತ್ತು ಅವರ ಮಂಚದ ಪಕ್ಕ ಕೂತು, ಕಿವಿಯ ಹತ್ತಿರ ಮೊದಲರ್ಧ ಪಿಸುಗುಟ್ಟುತ್ತೇನೆ. ಹಾಸಿಗೆಯ ಬದಿಗೆ ಗುಡುಗು ಸಲ್ಲದು, ಈ ಒಡಕು ಪಿಸುಮಾತೇ ಸರಿಯಾದ ಅಳತೆ. ಅವರು ಉತ್ತರಾರ್ಧ ಶುರುಮಾಡುತ್ತಾರೆ, ನಡುವೆ ನಿಲ್ಲುತ್ತಾರೆ, ಉಸಿರು ಎಳೆದುಕೊಳ್ಳುತ್ತಾರೆ. ಮೊನ್ನೆ ಹಾಗೆ ನಿಂತವರು ಕಣ್ಣು ಮುಚ್ಚಿಯೇಬಿಟ್ಟರು. ನಾನು ಮಣಿ ಬಿಡದೆ ಕೂತೆ.

ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದರು. "ಎಂತ, ಮುಂದೆ ಹೋಗ್ಲಿಲ್ವಾ ನೀನು?"

"ನಿಮ್ಮದು ಮುಗೀಲಿ ಅಂತ ಕೂತೆ."

ಅವರು ನಕ್ಕರು. ಆಮೇಲೆ ಬಿಟ್ಟಲ್ಲಿಂದಲೇ ಹಿಡಿದು, ಅವಸರವಿಲ್ಲದೆ, 'ನಮ್ಮ ಮರಣದ ಗಳಿಗೆಯಲ್ಲೂ' ಎಂಬುದನ್ನು ಪೂರ್ತಿಯಾಗಿ ಹೇಳಿದರು. ನಾನು ಪೂರ್ತಿಯಾಗಿ ಕೇಳಿದೆ.