ಮ್ಯಾಗ್ನೆಟ್ ಬಿದ್ದ ವ್ಯಾನು

ಎಪ್ಪತ್ತರ ದಶಕದ ಮಾತು. ಅಮ್ಮ ಜರ್ಸಿ ಸಿಟಿಯ ನಮ್ಮ ಮನೆಗೆ ಬಂದು ಐದು ತಿಂಗಳಾಗಿತ್ತು. ಮಾಂಸ ಬೇಯುವ ಅಡುಗೆಮನೆಯ ನೀರನ್ನೂ ಅವಳು ಮುಟ್ಟುತ್ತಿರಲಿಲ್ಲ. ತಾನೇ ಮಾಡಬೇಕು, ಬಿಸಿಯಾಗಿಯೇ ತಿನ್ನಬೇಕು. ಹಾಗಾಗಿ ಬೆಳಗಿನ ಊಟ ಮುಗಿಸಿ ಹೊರಟು ರಾತ್ರಿಯ ಅಡುಗೆಯೊಳಗೆ ವಾಪಸಾಗಬಹುದಾದಷ್ಟೇ ಅಮೆರಿಕ ಅವಳ ಪಾಲಿಗಿತ್ತು. ನಯಾಗರಾ ಜಲಪಾತ ಅದರೊಳಗೆ ಬರುತ್ತಿರಲಿಲ್ಲ. ಅವಳು ಊರಿಗೆ ಹೊರಡಲು ಮೂರೇ ವಾರ ಉಳಿದಿತ್ತು. ಕೇಳಿದರೆ, “ನೀರು ತಾನೆ, ನೋಡದಿದ್ರೆ ಏನಂತೆ” ಎನ್ನುತ್ತಿದ್ದಳು.

ಆಗ ಪೇಪರಿನಲ್ಲಿ ಒಂದು ಜಾಹೀರಾತು ಕಂಡೆ. ವೆಸ್ಟ್ ವಿಂಡ್ಸರಿನಲ್ಲಿ ಒಬ್ಬ ಮುದುಕ ಹಳೆಯ ಕ್ಯಾಂಪರ್ ವ್ಯಾನು ಮಾರುತ್ತಿದ್ದ. ಒಳಗೆ ಹಾಸಿಗೆ, ಸಿಂಕು, ಎರಡು ಬರ್ನರಿನ ಗ್ಯಾಸ್ ಒಲೆ. ಆ ಶನಿವಾರ ನನ್ನ ಗಂಡನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಹೊರಡುವ ಮುಂಚೆ, ಅಮ್ಮನ ಎದುರಿಗೇ, ನನ್ನ ಕೈಗೊಂದು ಮ್ಯಾಗ್ನೆಟ್ ಕೊಟ್ಟರು.

“ಬಾಡಿ ಮೇಲೆಲ್ಲ ಇಟ್ಟು ನೋಡು. ಬಿತ್ತು ಅಂದ್ರೆ ಅಲ್ಲಿ ತಗಡಿಲ್ಲ, ತುಕ್ಕಿಗೆ ಪುಟ್ಟಿ ಮೆತ್ತಿ ಪೇಂಟ್ ಹೊಡ್ದಿದಾರೆ ಅಂತ. ಮೂರು ಕಡೆ ಬಿದ್ರೆ ನೋ ಥ್ಯಾಂಕ್ಸ್ ಅಂದು ಬಂದ್ಬಿಡು.”

ಅವರು ಹೃದಯದ ಡಾಕ್ಟರು. ಕೆಟ್ಟ ಸುದ್ದಿಗಳನ್ನೆಲ್ಲ ಇದೇ ದನಿಯಲ್ಲಿ ಹೇಳುತ್ತಿದ್ದರು.

ಅಮ್ಮನೂ ನಾನೂ ರೈಲಿನಲ್ಲಿ ಹೋದೆವು. ಅಮ್ಮನ ಚೀಲದಲ್ಲಿ ಸ್ಟೀಲ್ ಪಾತ್ರೆ, ಒಂದು ಬಾಟಲಿ ಹಾಲು. ಕಾಫಿಗೆ ಇರಬೇಕು ಅಂದುಕೊಂಡೆ.

ಮುದುಕ ಒಳ್ಳೆಯವನಂತೆ ಕಂಡ. ನಾನು ತಿಳಿದವಳ ಹಾಗೆ ವ್ಯಾನಿನ ಮುಂಭಾಗಕ್ಕೆ ಹೋಗಿ ಎಂಜಿನ್ ಹುಡುಕಿದೆ. ಅದು ಹಿಂದಿದೆ ಎಂದ. ಗೊತ್ತು ಎಂದೆ. ಅಮ್ಮ ಒಳಗೆ ಹತ್ತಿ, ಒಲೆ ಹಚ್ಚಿ ತೋರಿಸುವಂತೆ ಅವನಿಗೆ ಸನ್ನೆ ಮಾಡುತ್ತಿದ್ದಳು. ನಾನು ಮ್ಯಾಗ್ನೆಟ್ ತೆಗೆದೆ.

ಅದು ಚಕ್ರದ ಮೇಲ್ಭಾಗದಲ್ಲಿ ಬಿತ್ತು. ಬಾಗಿಲ ಕೆಳಗೆ ಬಿತ್ತು. ಹಿಂದಿನ ದೀಪದ ಪಕ್ಕದಲ್ಲಿ ಅಂಟಿದಂತೆ ಮಾಡಿ ಬಿತ್ತು. ನನಗೆ ಮೈಯೆಲ್ಲ ಉರಿಯಿತು. ಅಷ್ಟು ಸಭ್ಯನಾಗಿ ನಿಂತು, ಹುಲ್ಲಿನ ಬಣ್ಣ ಬಳಿದ ಪುಟ್ಟಿಯನ್ನು ವ್ಯಾನೆಂದು ಮಾರಲು ಹೊರಟಿದ್ದ. ನೋ ಥ್ಯಾಂಕ್ಸ್ ಎನ್ನಲು ಬಾಗಿಲ ಹತ್ತಿರ ಬಂದೆ.

ಒಳಗೆ ಹಾಲು ಉಕ್ಕುತ್ತಿತ್ತು. ಮುದುಕ ಗಾಬರಿಯಿಂದ ಒಲೆ ಆರಿಸಲು ಕೈ ಚಾಚಿದ್ದ. ಅಮ್ಮ ಅದನ್ನು ಮೊಣಕೈಯಿಂದ ತಡೆದಿದ್ದಳು. ಹಾಲು ಪಾತ್ರೆ ದಾಟಿ, ಒಲೆಯ ಮೇಲೆಲ್ಲ ಹರಿದು, ಬರ್ನರ್ ತಾನಾಗಿ ಆರಿದ ಮೇಲೆ ಅಮ್ಮ ಕೈಮುಗಿದಳು. ನಮ್ಮಲ್ಲಿ ಹೊಸ ಮನೆ ಹೊಕ್ಕಾಗ ಹಾಲು ಉಕ್ಕಿಸುತ್ತಾರೆ. ಉಕ್ಕಿಸಿದ ಮೇಲೆ ಮನೆ ಬೇಡ ಎಂದವರನ್ನು ನಾನು ಕೇಳಿರಲಿಲ್ಲ. ಮುದುಕನಿಗೆ ಇದೆಲ್ಲ ವಿವರಿಸಲು ಹೋಗದೆ, ತಗೊಳ್ಳುತ್ತೇವೆ ಎಂದೆ.

ವ್ಯಾನನ್ನು ಆಮೇಲೆ ಬಂದು ಒಯ್ಯುವುದೆಂದು ಮುಂಗಡ ಕೊಟ್ಟು, ವಾಪಸ್ ರೈಲಿಗೆ ಕಾಯುತ್ತ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆವು. ಗಂಡನಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದೆ.

“ಎಷ್ಟು ಸಲ ಬಿತ್ತೇ?” ಎಂದಳು ಅಮ್ಮ.

“ಏನು?”

“ಮ್ಯಾಗ್ನೆಟ್ಟು. ಎರಡು ಸಲ ಬಿದ್ದಿದ್ದು ಕಿಟಕಿಯಿಂದ ಕಾಣ್ತು. ತಕ್ಷಣ ಹಾಲಿಟ್ಟೆ. ಮೂರನೇದು ಬೀಳೋದ್ರೊಳಗೆ ಉಕ್ಕತ್ತೆ ಅಂದ್ಕೊಂಡೆ. ಒಲೆ ಸ್ವಲ್ಪ ನಿಧಾನ.”

ನಾನು ಅವಳ ಮುಖ ನೋಡಿದೆ. ಅವಳು ರೈಲು ಬರುವ ದಿಕ್ಕಿಗೆ ನೋಡುತ್ತಿದ್ದಳು.

“ಆ ನೀರನ್ನ ನಾನು ನೋಡ್ಬೇಕು ಕಣೆ,” ಎಂದಳು.